ಪದಕದ ಅಂಚಿನಲ್ಲೊಂದು ಹೆಸರು

ಹಳೆಯ ಸೈನಿಕ ಪದಕವೊಂದು ಕೈಗೆ ಬಂದರೆ ನಾವು ಮೊದಲು ನೋಡುವುದು ಅದರ ಮುಖವನ್ನು. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ಕುದುರೆ ಸವಾರನೋ ಸಿಂಹವೋ. ಪದಕ ಸಂಗ್ರಾಹಕರು ನೋಡುವ ರೀತಿಯೇ ಬೇರೆ. ಪದಕವನ್ನು ಅಡ್ಡಕ್ಕೆ ತಿರುಗಿಸಿ, ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಅವರು ಅಂಚನ್ನು ಓದುತ್ತಾರೆ. ಅಕ್ಕಿಕಾಳು ಅಡ್ಡ ಮಲಗುವಷ್ಟೂ ಜಾಗವಿಲ್ಲದ ಆ ಅಂಚಿನಲ್ಲಿ ಒಬ್ಬ ಸಿಪಾಯಿಯ ನಂಬರು, ಹುದ್ದೆ, ಹೆಸರು, ರೆಜಿಮೆಂಟು ಅಚ್ಚಾಗಿರುತ್ತವೆ. ಎಷ್ಟೋ ಸಿಪಾಯಿಗಳ ಮಟ್ಟಿಗೆ, ಅವರ ಹೆಸರು ಲೋಹದ ಮೇಲೆ ಮೂಡಿದ್ದು ಅದೊಂದೇ ಸಲ.

ಸೈನಿಕ ಸ್ಮರಣಿಕೆಗಳ ಸಂಗ್ರಹದಲ್ಲಿ ಕತ್ತಿ, ಸಮವಸ್ತ್ರ, ಬ್ಯಾಡ್ಜು, ಪತ್ರ ಎಲ್ಲವೂ ಸೇರುತ್ತವೆ. ಆದರೆ ಶಾಸ್ತ್ರದಂತೆ ಶಿಸ್ತಾಗಿ ಬೆಳೆದದ್ದು ಪದಕಗಳ ಸಂಗ್ರಹ. ಬ್ರಿಟಿಷ್ ಮತ್ತು ಭಾರತೀಯ ಪದಕಗಳ ವಿಷಯದಲ್ಲಂತೂ ಸಂಗ್ರಾಹಕರ ಕಣ್ಣು ಲೋಹದಿಂದ ಮನುಷ್ಯನ ಕಡೆಗೆ ಹೇಗೆ ಹೊರಳಿತು ಎಂಬುದೇ ಅದರ ಚರಿತ್ರೆ.

ಶ್ರೀರಂಗಪಟ್ಟಣದ ಪದಕಗಳು

ಈ ಕಥೆಯ ಮೊದಲ ಪುಟಗಳು ನಮ್ಮ ನೆಲಕ್ಕೇ ಸೇರಿವೆ. ಟಿಪ್ಪು ಸುಲ್ತಾನನ ವಿರುದ್ಧ 1791–92ರಲ್ಲಿ ನಡೆದ ಯುದ್ಧಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ತನ್ನ ಭಾರತೀಯ ಸೈನಿಕರಿಗೆ ಚಿನ್ನ, ಬೆಳ್ಳಿಯ ಪದಕ ಕೊಟ್ಟಿತು. ಅದರ ಮೇಲಿರುವುದು ರಾಜನಲ್ಲ, ಒಬ್ಬ ಸಿಪಾಯಿ. ಉರುಳಿಬಿದ್ದ ಫಿರಂಗಿಯ ಮೇಲೆ ಕಾಲಿಟ್ಟು, ಬ್ರಿಟಿಷ್ ಬಾವುಟ ಎತ್ತಿ, ಎದುರಾಳಿಯ ಬಾವುಟವನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಾನೆ. ದೂರದಲ್ಲಿ ಕೋಟೆ ಕಾಣುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇನ್ನೊಂದು ಪದಕ ಬಂತು. ಕೂಕ್ಲರ್ ಎಂಬ ಕಲಾವಿದ ವಿನ್ಯಾಸ ಮಾಡಿದ, ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಅಚ್ಚಾಯಿತು. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ನಿಂತಿದೆ, ಇನ್ನೊಂದು ಬದಿಯಲ್ಲಿ ಕೋಟೆಯ ಒಡೆದ ಗೋಡೆಯತ್ತ ಸೈನ್ಯ ನುಗ್ಗುತ್ತಿದೆ. ಹಂಚಿಕೆಯಲ್ಲಿ ಮೇಲು ಕೀಳು ಸ್ಪಷ್ಟವಾಗಿತ್ತು. ದೊಡ್ಡವರಿಗೆ ಚಿನ್ನ, ನಂತರದವರಿಗೆ ಚಿನ್ನದ ಮುಲಾಮು ಹಾಕಿದ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು, ಕಟ್ಟಕಡೆಗೆ ಸಾಮಾನ್ಯ ಸಿಪಾಯಿಗೆ ತವರ. ಯಾರ ಹೆಸರನ್ನೂ ಅಂಚಿನಲ್ಲಿ ಕೆತ್ತಲಿಲ್ಲ. ಹಾಗಾಗಿ ಇವತ್ತು ಅಂಥದೊಂದು ತವರದ ಬಿಲ್ಲೆ ಸಿಕ್ಕರೆ ಅದು ಯಾವ ದರ್ಜೆಯವನದು ಎಂದು ಊಹಿಸಬಹುದು, ಯಾರದು ಎಂದು ಹೇಳಲಾಗದು.

ಹೆಸರು ಬಂದ ಬಗೆ

ಆ ಕೊರತೆ ನೀಗಿದ್ದು 1815ರ ವಾಟರ್ಲೂ ಯುದ್ಧದ ಪದಕದಿಂದ. ದಂಡನಾಯಕನಿಗೂ ಸಾಮಾನ್ಯ ಸೈನಿಕನಿಗೂ ಅದೇ ಬೆಳ್ಳಿ, ಅದೇ ಅಳತೆ. ಸತ್ತವರ ಮನೆಯವರಿಗೂ ಪದಕ ತಲುಪಿತು. ಸುಮಾರು 39,000 ಪದಕಗಳ ಅಂಚಿನ ಮೇಲೂ ಪಡೆದವನ ಹೆಸರನ್ನು ಯಂತ್ರದಿಂದ ಒತ್ತಲಾಯಿತು. ಮುಂದೆ ಬ್ರಿಟಿಷ್ ಸಾಮ್ರಾಜ್ಯದ ಹೆಚ್ಚಿನ ಯುದ್ಧ ಪದಕಗಳಿಗೆ ಇದೇ ರೂಢಿಯಾಯಿತು.

ಹೆಸರಿನ ಜೊತೆ ಪಟ್ಟಿಯೂ ಹುಟ್ಟಿತು. ಯಾವ ರೆಜಿಮೆಂಟಿನ ಯಾರಿಗೆ ಯಾವ ಪದಕ, ಯಾವ ಕದನದ ಕ್ಲಾಸ್ಪ್ (ರಿಬ್ಬನ್ನಿನ ಮೇಲೆ ಕೂರುವ, ಕದನದ ಹೆಸರಿನ ತಗಡು) ಸಲ್ಲುತ್ತದೆ ಎಂದು ಬರೆದಿಡುವ ಈ ದಾಖಲೆಗೆ ಮೆಡಲ್ ರೋಲ್ ಎನ್ನುತ್ತಾರೆ. ಅಂಚಿನ ಹೆಸರು ರೋಲಿನಲ್ಲಿ ಸಿಕ್ಕರೆ ಪದಕ ಮಾತಾಡತೊಡಗುತ್ತದೆ.

ಆರಂಭದ ಸಂಗ್ರಾಹಕರು ಹೆಚ್ಚಾಗಿ ನಾಣ್ಯ ಸಂಗ್ರಹದಿಂದ ಬಂದವರು. ಒಂದೊಂದು ಬಗೆಯಲ್ಲಿ ಒಂದೊಂದು ಪದಕ ಕೂಡಿಟ್ಟರೆ ಅವರಿಗೆ ತೃಪ್ತಿ. 1897ರಲ್ಲಿ ಇಂಡಿಯಾ ಆಫೀಸಿನ ಅಧಿಕಾರಿಯಾಗಿದ್ದ ಜಾನ್ ಹಾರ್ಸ್ಲಿ ಮೇಯೊ ಎರಡು ಸಂಪುಟಗಳ ಗ್ರಂಥ ತಂದು, ಪದಕಗಳ ಹಿಂದಿನ ಸರ್ಕಾರಿ ಆದೇಶಗಳನ್ನು ಒಟ್ಟುಗೂಡಿಸಿದರು. ಲಂಡನ್ನಿನಲ್ಲಿ ಆರ್ಡರ್ಸ್ ಅಂಡ್ ಮೆಡಲ್ಸ್ ರಿಸರ್ಚ್ ಸೊಸೈಟಿಯ ಬೇರು ಬಿದ್ದದ್ದು 1942ರಲ್ಲಿ. 1947ರಲ್ಲಿ ಮೇಜರ್ ಗಾರ್ಡನ್ ಅವರ ‘ಬ್ರಿಟಿಷ್ ಬ್ಯಾಟಲ್ಸ್ ಅಂಡ್ ಮೆಡಲ್ಸ್’ ಬಂತು. ಯಾವ ಕದನಕ್ಕೆ ಯಾವ ದಳಕ್ಕೆ ಯಾವ ಪದಕ ಎಂದು ತಿಳಿಯಲು ಸಂಗ್ರಾಹಕರು ಈಗಲೂ ಮೊದಲು ಬಿಡಿಸುವುದು ಈ ಪುಸ್ತಕದ ಹೊಸ ಆವೃತ್ತಿಗಳನ್ನೇ.

ಬೆಳ್ಳಿಯ ಬೆಲೆ, ಮೂಸೆಯ ಬೆಂಕಿ

ಮೊದಲ ಮಹಾಯುದ್ಧ ಪದಕಗಳನ್ನು ಮನೆಮನೆಗೆ ಮುಟ್ಟಿಸಿತು. ಬ್ರಿಟಿಷ್ ವಾರ್ ಮೆಡಲ್ ಒಂದೇ ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಅಚ್ಚಾಯಿತು. ಇನ್ನೂ ಸುಮಾರು 1,10,000 ಪದಕಗಳು ಕಂಚಿನವು. ಅವು ಹೋದದ್ದು ಮುಖ್ಯವಾಗಿ ಭಾರತ, ಚೀನಾ, ಮಾಲ್ಟಾಗಳ ಕೂಲಿ ದಳದವರಿಗೆ. 1903–04ರ ಟಿಬೆಟ್ ದಂಡಯಾತ್ರೆಯಲ್ಲೂ ಹೊರೆ ಹೊತ್ತವರಿಗೆ ಸಿಕ್ಕಿದ್ದು ಕಂಚೇ. ಒಂದು ಕಾಲದಲ್ಲಿ ಸಂಗ್ರಾಹಕರು ಈ ಕಂಚನ್ನು ಬದಿಗೆ ಸರಿಸುತ್ತಿದ್ದರು, ಈಗ ಅದನ್ನೇ ಹುಡುಕುತ್ತಾರೆ. ಬಂದೂಕು ಹಿಡಿಯದೆ ಯುದ್ಧ ಹೊತ್ತವರ ಹೆಸರುಗಳು ಉಳಿದಿರುವುದು ಅಲ್ಲಿ.

ಲೋಹದ ಮೇಲಿನ ಆಸೆ ಎಂಥ ನಷ್ಟ ತರುತ್ತದೆ ಎಂಬುದಕ್ಕೆ 1980 ಸಾಕ್ಷಿ. ಆ ವರ್ಷದ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಏರಿತು. ಸಾಧಾರಣ ಸೈನಿಕನ ವಾರ್ ಮೆಡಲ್ಲಿಗೆ ಸಂಗ್ರಾಹಕ ಕೊಡುವ ಬೆಲೆಗಿಂತ ಅದರೊಳಗಿನ ಬೆಳ್ಳಿಯೇ ದುಬಾರಿಯಾಯಿತು. ಅಸಂಖ್ಯ ಪದಕಗಳು ಮೂಸೆಗೆ ಹೋದವು. ಒಬ್ಬನಿಗೆ ಸಂದ ಮೂರು ಪದಕಗಳಲ್ಲಿ ಕಂಚಿನವೆರಡು ಉಳಿದು ಬೆಳ್ಳಿಯದು ಮಾತ್ರ ಕಾಣೆಯಾದ ಜೋಡಿಗಳು ಇಂದಿಗೂ ಮಾರುಕಟ್ಟೆಯಲ್ಲಿ ಕಾಣುತ್ತವೆ. ಚದುರಿದ ಇಂಥ ಪದಕಗಳನ್ನು ಹುಡುಕಿ ಮತ್ತೆ ಒಂದೇ ರಿಬ್ಬನ್ ಸಾಲಿಗೆ ತರುವುದನ್ನೇ ವ್ರತವಾಗಿ ಹಿಡಿದ ಸಂಗ್ರಾಹಕರಿದ್ದಾರೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ವಿಕ್ಟೋರಿಯಾ ಕ್ರಾಸ್. ಅದು ಬರೀ ಕಂಚು, ಕರಗಿಸಿದರೆ ಚಿಲ್ಲರೆ ಕಾಸೂ ಹುಟ್ಟದು. ಆದರೆ ಎರಡು ಬಾರಿ ಅದನ್ನು ಗಳಿಸಿದ ವೈದ್ಯ ನೋಯೆಲ್ ಚವಾಸ್ ಅವರ ಪದಕಗಳು 2009ರಲ್ಲಿ ಸುಮಾರು 15 ಲಕ್ಷ ಪೌಂಡಿಗೆ ಕೈ ಬದಲಿಸಿದವೆಂದು ಸುದ್ದಿಯಾಯಿತು. ಬೆಲೆ ಇದ್ದದ್ದು ಹೆಸರಿಗೆ.

ಬೆಲೆ ಬಂದಲ್ಲಿ ಮೋಸವೂ ಬಂತು. ಸಾಧಾರಣ ಹೆಸರನ್ನು ಅಂಚಿನಿಂದ ಅರದಲ್ಲಿ ಉಜ್ಜಿ ಅಳಿಸಿ, ಹೆಸರಾಂತ ಕದನದಲ್ಲಿದ್ದವನ ಹೆಸರು ಒತ್ತುವುದು ಹಳೆಯ ಕೈಚಳಕ. ಹಿಡಿಯುವ ಉಪಾಯ ಸರಳ. ಉಜ್ಜಿದ ಅಂಚು ಕೂದಲೆಳೆಯಷ್ಟಾದರೂ ಸವೆದಿರುತ್ತದೆ. ಮೈಕ್ರೊಮೀಟರಿನಲ್ಲಿ ವ್ಯಾಸವನ್ನು ನಾಲ್ಕು ಕಡೆ ಅಳೆದರೆ ಗುಟ್ಟು ಹೊರಬೀಳುತ್ತದೆ. ಅಕ್ಷರದ ಮೋಡಿಯನ್ನೂ ನೋಡಬೇಕು. ಲಂಡನ್ನಿನಲ್ಲಿ ಒತ್ತಿದ ಹೆಸರಿಗೂ ಕಲ್ಕತ್ತದಲ್ಲಿ ಮೂಡಿದ ಹೆಸರಿಗೂ ಇರುವ ವ್ಯತ್ಯಾಸ ಪಳಗಿದ ಕಣ್ಣಿಗೆ ತಕ್ಷಣ ತಿಳಿಯುತ್ತದೆ.

ನಮ್ಮವರ ಹೆಸರುಗಳು

ಕಳೆದ ಕಾಲು ಶತಮಾನದಲ್ಲಿ ದಾಖಲೆಗಳು ಕಂಪ್ಯೂಟರಿಗೆ ಏರಿದ್ದು ದೊಡ್ಡ ತಿರುವು. ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿರುವ ಮೊದಲ ಮಹಾಯುದ್ಧದ ಮೆಡಲ್ ಇಂಡೆಕ್ಸ್ ಕಾರ್ಡುಗಳನ್ನು ಈಗ ಮನೆಯಲ್ಲೇ ಕೂತು ಹುಡುಕಬಹುದು. ಆದರೆ ಅವುಗಳಲ್ಲಿ ಭಾರತೀಯ ಸಿಪಾಯಿ ಸಿಗುವುದು ವಿರಳ. ಆ ಯುದ್ಧಕ್ಕಾಗಿ ಭಾರತದಿಂದ ಕಡಲಾಚೆಗೆ ಹೋದವರು 10 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅನೇಕರ ಪಾಲಿಗೆ ಪದಕದ ಅಂಚೇ ಏಕೈಕ ದಾಖಲೆ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ಸುಮಾರು 3,20,000 ಪಂಜಾಬಿ ಸೈನಿಕರ ದಾಖಲೆಗಳು 2021ರಲ್ಲಿ ಬೆಳಕು ಕಂಡವು. ಎಷ್ಟೋ ಕುಟುಂಬಗಳು ಮುತ್ತಾತನ ಹೆಸರನ್ನು ಮೊದಲ ಬಾರಿ ಓದಿದವು.

ಸ್ವತಂತ್ರ ಭಾರತದ ಪದಕಗಳ ಅಧ್ಯಯನ ತಡವಾಗಿ ಆರಂಭವಾದರೂ ಗಟ್ಟಿಯಾಗಿ ನಡೆದಿದೆ. 1950ರ ಜನವರಿ 26ರಂದು ಸ್ಥಾಪನೆಯಾದ ಪರಮವೀರ ಚಕ್ರವನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಭಾರತೀಯರಾದ ಸಾವಿತ್ರಿ ಖಾನೋಲ್ಕರ್. ನಡುವೆ ರಾಷ್ಟ್ರಲಾಂಛನ, ಸುತ್ತ ನಾಲ್ಕು ವಜ್ರಾಯುಧ. ಈವರೆಗೆ ಅದು ಸಂದದ್ದು 21 ಮಂದಿಗೆ ಮಾತ್ರ. ಎಡ್ವರ್ಡ್ ಹೇನ್ಸ್ ಮತ್ತು ರಾಣಾ ಛೀನಾ ಸ್ವತಂತ್ರ ಭಾರತದ ಪದಕಗಳ ಬಗ್ಗೆ ಬರೆದ ಗ್ರಂಥ ಈ ಕ್ಷೇತ್ರಕ್ಕೆ ತಳಹದಿ ಹಾಕಿತು.

ಕರ್ನಾಟಕದಲ್ಲಿ ಈ ಕೆಲಸ ಇನ್ನೂ ಆಗಬೇಕಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ನ ಸವಾರರಿಗೂ ಯುದ್ಧ ಪದಕಗಳು ಸಂದವು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆ 2021ರಲ್ಲಿ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. ಆದರೆ ಜನರಲ್ಲರ ಪದಕಗಳಿಗೆ ಸಿಗುವ ಗಾಜಿನ ಪೆಟ್ಟಿಗೆ ಸವಾರನ, ಸಿಪಾಯಿಯ, ಕೂಲಿಯ ಪದಕಕ್ಕೆ ಸಿಗುವುದಿಲ್ಲ. ಅವು ಅಟ್ಟದ ಟ್ರಂಕಿನಲ್ಲಿವೆ, ಗಿರವಿ ಅಂಗಡಿಯಲ್ಲಿವೆ, ಕೊಂಡಿ ಬೆಸೆಸಿಕೊಂಡು ಯಾರದೋ ಸರದಲ್ಲಿವೆ.

ನಿಮ್ಮ ಮನೆಯಲ್ಲಿ ಅಂಥದೊಂದು ಪದಕವಿದ್ದರೆ ಹುಣಸೆಹಣ್ಣು, ವಿಭೂತಿ ಹಚ್ಚಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಹಲವು ಪದಕಗಳಿದ್ದರೆ ಅಣ್ಣತಮ್ಮಂದಿರ ಪಾಲಿಗೆಂದು ಬಿಡಿಬಿಡಿಯಾಗಿ ಹಂಚಬೇಡಿ. ಅಕ್ಕಸಾಲಿಯ ತಕ್ಕಡಿಗೆ ಹಾಕುವ ಮುನ್ನ ಅಡ್ಡಕ್ಕೆ ತಿರುಗಿಸಿ ಅಂಚನ್ನು ಓದಿ, ನಂಬರು, ಹೆಸರು, ರೆಜಿಮೆಂಟು ಬರೆದಿಡಿ, ಫೋಟೋ ತೆಗೆದಿಡಿ. ಪದಕ ಪಡೆದವರ ಬಗ್ಗೆ ಮನೆಯ ಹಿರಿಯರಿಗೆ ನೆನಪಿರುವಷ್ಟನ್ನು ಅದರ ಕೆಳಗೆ ಸೇರಿಸಿ. ಇದನ್ನು ಇವತ್ತೇ ಮಾಡಿ.