ಹಸ್ತಪ್ರತಿ 01ರಿಂದ ಡಿಒಐವರೆಗೆ

ವಿದ್ಯಾರ್ಥಿಗಳ ಪ್ರಬಂಧಗಳ ಅಡಿಟಿಪ್ಪಣಿಗಳನ್ನು ಪರಿಶೀಲಿಸುವಾಗ ನಾವು ಈಚೆಗೆ ಪದೇ ಪದೇ ಒಂದು ತೊಡಕನ್ನು ಎದುರಿಸುತ್ತಿದ್ದೇವೆ. ಕೊಟ್ಟಿರುವ ಅಂತರ್ಜಾಲ ವಿಳಾಸದಲ್ಲಿ ಪುಟವೇ ಇರುವುದಿಲ್ಲ. ಎಷ್ಟೋ ಸಲ ಲೇಖನವು ನಾಶವಾಗಿರುವುದಿಲ್ಲ, ಬೇರೆಡೆಗೆ ಸ್ಥಳಾಂತರಗೊಂಡಿರುತ್ತದೆ ಅಷ್ಟೆ. ಆದರೂ ಆಧಾರವು ಕೈಗೆ ಸಿಗದ ವಾದವನ್ನು ಪರೀಕ್ಷಿಸುವುದೆಂತು? ಈ ತೊಡಕು ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಹೊಸ ಒಡಂಬಡಿಕೆಯ ಹಸ್ತಪ್ರತಿಗಳ ಅಧ್ಯಯನವು ಇದನ್ನು ಬಹು ಹಿಂದೆಯೇ ಕಂಡಿದೆ.

ಹದಿನೆಂಟನೆಯ ಶತಮಾನದಲ್ಲಿ ವೆಟ್‌ಸ್ಟೈನ್ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಿಗೆ ದೊಡ್ಡಕ್ಷರಗಳನ್ನು ಹೆಸರಾಗಿ ಕೊಟ್ಟನು. ಲ್ಯಾಟಿನ್ ಅಕ್ಷರಗಳು ಮುಗಿದಾಗ ಗ್ರೀಕ್, ಹೀಬ್ರೂ ಅಕ್ಷರಗಳೂ ಬಂದವು. ಒಂದೇ ಅಕ್ಷರವು ಎರಡು ಪ್ರತಿಗಳಿಗೆ ಸಂದದ್ದೂ ಉಂಟು. ಶುಭಸಂದೇಶಗಳಲ್ಲಿ 'ಡಿ' ಎಂದರೆ ಕೇಂಬ್ರಿಜ್‌ನ ಬೇಜಾ ಪ್ರತಿ. ಸಂತ ಪೌಲನ ಪತ್ರಗಳಲ್ಲಿ ಪ್ಯಾರಿಸ್‌ನ ಕ್ಲಾರೊಮೊಂಟಾನಸ್. ಇಂದಿಗೂ ನಮ್ಮ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. 1908ರಲ್ಲಿ ಕಾಸ್ಪರ್ ರೆನೆ ಗ್ರೆಗರಿ ಇವುಗಳಿಗೆ ಸಂಖ್ಯೆಗಳನ್ನು ನಿಗದಿಪಡಿಸಿದನು: ಬೇಜಾ 05, ಕ್ಲಾರೊಮೊಂಟಾನಸ್ 06, ಸಿನಾಯಿಟಿಕಸ್ 01.

ಈ 01ರ ಕಥೆಯೇ ನಮಗೆ ಮುಖ್ಯ. 1859ರಲ್ಲಿ ಟಿಶೆನ್‌ಡಾರ್ಫ್ ಸಿನಾಯಿಯ ಮಠದಿಂದ ಪಡೆದ ಹಾಳೆಗಳು ಸೇಂಟ್ ಪೀಟರ್ಸ್‌ಬರ್ಗ್ ಸೇರಿದವು. 1933ರಲ್ಲಿ ಸೋವಿಯತ್ ಸರ್ಕಾರ ಅವನ್ನು ಒಂದು ಲಕ್ಷ ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಂಗೆ ಮಾರಿತು. ಗ್ರಂಥಾಲಯದ ಕಪಾಟಿನ ಗುರುತು ಬದಲಾಯಿತು, ದೇಶವೇ ಬದಲಾಯಿತು. 01 ಮಾತ್ರ ಬದಲಾಗಲಿಲ್ಲ. 1975ರಲ್ಲಿ ಮಠದಲ್ಲಿ ದೊರೆತ ಹಾಳೆಗಳೂ ಅದೇ ಸಂಖ್ಯೆಯಡಿ ಸೇರಿದವು. (ಆ ಹಾಳೆಗಳು ಮಠದಿಂದ ಹೊರಟ ರೀತಿ ನ್ಯಾಯವೇ ಎಂಬ ವಿವಾದ ಬೇರೆ, ಅದನ್ನು ಸಂಖ್ಯೆ ತೀರ್ಮಾನಿಸದು.)

ಡಿಜಿಟಲ್ ಲೇಖನಗಳಿಗೆ ಕೊಡುವ ಡಿಒಐ ಇದೇ ವಿವೇಕದ ಫಲ. ಅದನ್ನು ನಿರ್ವಹಿಸಲು ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ವಿದ್ವತ್ ಪ್ರಕಾಶಕರ ಕ್ರಾಸ್‌ರೆಫ್ ಸಂಸ್ಥೆ 2000ದಲ್ಲಿ ಆರಂಭವಾಯಿತು. 10 ಎಂಬ ಅಂಕಿಯಿಂದ ಮೊದಲಾಗುವ ಈ ಗುರುತು ಲೇಖನದ ಹೆಸರೇ ಹೊರತು ವಿಳಾಸವಲ್ಲ. ಲೇಖನವು ಸ್ಥಳಾಂತರವಾದಾಗ ಪ್ರಕಾಶಕರು ದಾಖಲೆಯಲ್ಲಿ ಹೊಸ ವಿಳಾಸವನ್ನು ಬರೆಯುತ್ತಾರೆ, ಹಳೆಯ ಗುರುತೇ ಓದುಗನನ್ನು ಅಲ್ಲಿಗೆ ಒಯ್ಯುತ್ತದೆ. ಪ್ರಕಾಶಕರು ಬರೆಯದಿದ್ದರೆ ಒಯ್ಯದು. ಗ್ರೆಗರಿಯ ಪಟ್ಟಿಯೂ ತಾನಾಗಿ ಉಳಿಯಲಿಲ್ಲ. 1917ರಲ್ಲಿ ಅವನು ಯುದ್ಧದಲ್ಲಿ ಮಡಿದ ಮೇಲೆ ಅನ್ಯರು ಅದನ್ನು ಮುಂದುವರಿಸಿದರು. ಇಂದು 1959ರಲ್ಲಿ ಕುರ್ಟ್ ಆಲಾಂಡ್ ಸ್ಥಾಪಿಸಿದ ಮ್ಯೂನ್‌ಸ್ಟರ್ ಸಂಸ್ಥೆ ಅದನ್ನು ಪಾಲಿಸುತ್ತಿದೆ.

ಡಿಒಐ ಇರುವ ಲೇಖನವೆಲ್ಲ ಪ್ರಮಾಣವೆಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು: ಗುರುತು ಲೇಖನವನ್ನು ತೋರಿಸುತ್ತದೆ, ಅದರ ಬೋಧನೆಗೆ ಸಾಕ್ಷಿ ಹೇಳುವುದಿಲ್ಲ. ಆದ್ದರಿಂದ ನಾವು ವಿದ್ಯಾರ್ಥಿಗಳಿಂದ ಬಯಸುವುದಿಷ್ಟು: ಡಿಒಐ ಇದ್ದರೆ ಅದನ್ನು ಕೊಡಿರಿ, ಇಲ್ಲದಿದ್ದರೆ ಪತ್ರಿಕೆಯ ಸಂಪುಟ, ಸಂಚಿಕೆ, ವರ್ಷ, ಪುಟಗಳನ್ನು ಪೂರ್ಣವಾಗಿ ಬರೆಯಿರಿ.