ಹದಿನೈದು ದಿನದ ನೋಟಿಸು

ಬಾಡಿಗೆದಾರನಿಗೆ ಮನೆ ಬಿಡುವಂತೆ ಕೊಟ್ಟ ನೋಟಿಸು ಊರ್ಜಿತವೇ ಎಂಬ ಪ್ರಶ್ನೆ ಭಾರತದ ನ್ಯಾಯಾಲಯಗಳಲ್ಲಿ ಬಹುಕಾಲ ತಿಥಿ-ವಾರದ ಲೆಕ್ಕವಾಗಿತ್ತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಬೇಸಾಯಕ್ಕೋ ಕಾರ್ಖಾನೆಗೋ ಕೊಟ್ಟ ಸ್ವತ್ತಿಗೆ ಆರು ತಿಂಗಳ ನೋಟಿಸು, ಉಳಿದವಕ್ಕೆ ಹದಿನೈದು ದಿನ. ನೋಟಿಸು ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಮನೆಯವರ ಕೈಗೆ ಕೊಡಬಹುದು, ಎರಡೂ ಆಗದಿದ್ದರೆ ಕಟ್ಟಡದ ಮೇಲೆ ಎದ್ದು ಕಾಣುವಂತೆ ಅಂಟಿಸಬಹುದು. ಇಷ್ಟು ಸುಲಭ. ತೊಡಕಿದ್ದುದು ಇನ್ನೊಂದು ಷರತ್ತಿನಲ್ಲಿ: ಗಡುವು ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು. 9ನೇ ತಾರೀಕಿಗೆ ತಿಂಗಳು ಮುಗಿಯುವ ಮನೆಗೆ 30ರ ಗಡುವು ಕೊಟ್ಟ ಮಾಲೀಕ, ನಲವತ್ತು ದಿನ ಬಿಟ್ಟಿದ್ದರೂ ದಾವೆ ಸೋಲುತ್ತಿದ್ದ. ಆದ್ದರಿಂದಲೇ ವಕೀಲರು ತಾರೀಕಿನ ಪಕ್ಕದಲ್ಲಿ ‘ಅಥವಾ ಹದಿನೈದು ದಿನಗಳ ನಂತರ ನಿಮ್ಮ ಬಾಡಿಗೆ ತಿಂಗಳು ಎಂದು ಮುಗಿಯುವುದೋ ಅಂದು’ ಎಂಬ ಸಾಲನ್ನು ಸೇರಿಸುವುದನ್ನು ರೂಢಿಮಾಡಿಕೊಂಡರು.

ನೋಟಿಸನ್ನು ತಪ್ಪು ಹುಡುಕುವ ಕಣ್ಣಿನಿಂದ ಓದಬಾರದು, ಅದು ಉಳಿಯುವಂತೆ ಅರ್ಥೈಸಬೇಕು ಎಂದು ಪ್ರಿವಿ ಕೌನ್ಸಿಲ್ 1918ರಲ್ಲೇ ಹರಿಹರ ಬ್ಯಾನರ್ಜಿ ಪ್ರಕರಣದಲ್ಲಿ ಹೇಳಿತ್ತು. ಕೆಳಗಿನ ನ್ಯಾಯಾಲಯಗಳು ಅದನ್ನು ಸದಾ ಪಾಲಿಸಲಿಲ್ಲ. ‘ಅಕ್ಟೋಬರ್ ತಿಂಗಳೊಳಗೆ’ ಖಾಲಿ ಮಾಡಿ ಎಂದ ನೋಟಿಸು ತಿಂಗಳ ಕೊನೆಯ ದಿನವನ್ನೂ ಒಳಗೊಳ್ಳುತ್ತದೆ ಎಂಬ ಸರಳ ಮಾತನ್ನು ಹೇಳಲು 1977ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಈ ನಡುವೆ ರಾಜ್ಯಗಳ ಬಾಡಿಗೆ ನಿಯಂತ್ರಣ ಕಾನೂನುಗಳು ಬಂದಿದ್ದವು. ಮೈಸೂರು ರಾಜ್ಯದ 1961ರ ಕಾಯ್ದೆಯ 21ನೇ ಕಲಮು ಪಟ್ಟಿಮಾಡಿದ ಕಾರಣಗಳಿಲ್ಲದೆ ಒಕ್ಕಲೆಬ್ಬಿಸುವಂತಿರಲಿಲ್ಲ. ಇಂಥ ಕಾಯ್ದೆಗಳಡಿ 106ರ ನೋಟಿಸೂ ಬೇಕೇ? ಬೇಡವೆಂದು 1979ರಲ್ಲಿ ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಕರ್ನಾಟಕದಲ್ಲಿ ನೋಟಿಸಿಗೆ ಮತ್ತೆ ಬೆಲೆ ಬಂದದ್ದು 1999ರ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಂದು ಜಾರಿಯಾದಾಗ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅದರ ಹೊರಗುಳಿದು 1882ರ ಕಾನೂನಿಗೆ ಮರಳಿದವು. ಸರಿಯಾಗಿ ಒಂದು ವರ್ಷದ ಬಳಿಕ ಸಂಸತ್ತು 106ನ್ನೇ ತಿದ್ದಿತು: ತಿಂಗಳ ಕೊನೆಯ ಷರತ್ತು ಹೋಯಿತು, ಅವಧಿಯನ್ನು ನೋಟಿಸು ಕೈಸೇರಿದ ದಿನದಿಂದ ಎಣಿಸುವುದಾಯಿತು. ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ, ಕಾನೂನಿನ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಅದಷ್ಟಕ್ಕೇ ನೋಟಿಸು ಅಸಿಂಧುವಲ್ಲ.

113ನೇ ಕಲಮಿನ ವಾದ ಮಾತ್ರ ಉಳಿಯಿತು: ನೋಟಿಸಿನ ನಂತರದ ಬಾಡಿಗೆ ಪಡೆದರೆ ಮಾಲೀಕ ನೋಟಿಸನ್ನೇ ಕೈಬಿಟ್ಟಂತೆಯೇ? ಬಾಡಿಗೆ ಪಡೆದ ಮಾತ್ರಕ್ಕೆ ಹಾಗಾಗದು, ಬಾಡಿಗೆ ಮುಂದುವರಿಸುವ ಉದ್ದೇಶ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಹೇಳಿತು.