ಮುಳಬಾಗಿಲಿನ ತಾಳ, ತಿರುವಾರೂರಿನ ಮದ್ದು

ತಂಬಿಯಪ್ಪನ ಹೊಟ್ಟೆನೋವಿನ ಕಥೆ ಸಂಗೀತ ಕಲಿತವರಿಗೆಲ್ಲ ಗೊತ್ತು. ತಿರುವಾರೂರಿನಲ್ಲಿ ಶುದ್ಧಮದ್ದಳೆ ನುಡಿಸುತ್ತಿದ್ದ ಈತ ಮುತ್ತುಸ್ವಾಮಿ ದೀಕ್ಷಿತರ (1775–1835) ಶಿಷ್ಯ. ಯಾವ ಔಷಧಿಗೂ ನೋವು ಬಗ್ಗಲಿಲ್ಲ. ಜಾತಕ ನೋಡಿದರೆ ಗುರುಬಲವಿಲ್ಲ. ಜಪ ಮಾಡಿಕೋ ಎನ್ನೋಣವೆಂದರೆ ಅವನಿಗೆ ವೇದಮಂತ್ರದ ಅಧಿಕಾರ ಇರಲಿಲ್ಲ. ದೀಕ್ಷಿತರು ಬೃಹಸ್ಪತಿಯ ಮೇಲೆ ಸಂಸ್ಕೃತದಲ್ಲೇ ಒಂದು ಕೃತಿ ರಚಿಸಿ, ಅಠಾಣ ರಾಗ, ತ್ರಿಪುಟ ತಾಳದಲ್ಲಿ ಹಾಡಲು ಕಲಿಸಿದರು. ಹಾಡುತ್ತಾ ಹಾಡುತ್ತಾ ನೋವು ಇಳಿಯಿತು ಎಂಬುದು ಪರಂಪರೆಯ ಮಾತು. ಯಲ್ದೂರಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುವ ನನಗೆ, ಬಾಗಿಲು ಮುಚ್ಚಿದ್ದ ಕಡೆ ರಾಗವೇ ಬಾಗಿಲಾದದ್ದು ಆ ಗುಣಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಏಳು ವಾರಗಳ ಗ್ರಹಕೃತಿಗಳಿಗೆ ದೀಕ್ಷಿತರು ಬಳಸಿದ್ದು ಸುಳಾದಿ ಸಪ್ತತಾಳಗಳನ್ನು. ಭಾನುವಾರ ಧ್ರುವ, ಸೋಮವಾರ ಮಠ್ಯ, ಗುರುವಾರ ತ್ರಿಪುಟ, ಶನಿವಾರ ಏಕ, ಹೀಗೆ. ಈ ತಾಳಗಳಿಗೆ ಹೆಸರು ಕೊಟ್ಟ ಸುಳಾದಿಯನ್ನು ಬೆಳೆಸಿದವರು ನಮ್ಮ ಹರಿದಾಸರು. ನುಡಿಯಿಂದ ನುಡಿಗೆ ತಾಳ ಬದಲಾಗುತ್ತಾ ಹೋಗಿ ಕೊನೆಗೆ ‘ಜತೆ’ಯಲ್ಲಿ ಮುಗಿಯುವ ರಚನೆ ಅದು. ಮೊದಮೊದಲು ಸುಳಾದಿ ಬರೆದವರ ಸಾಲಿನಲ್ಲಿ ಮುಳಬಾಗಿಲಿನ ಶ್ರೀಪಾದರಾಜರಿದ್ದಾರೆ. ಹದಿನೈದನೇ ಶತಮಾನದ ಈ ಯತಿಗಳು ಸಂಸ್ಕೃತದಲ್ಲಿ ‘ವಾಗ್ವಜ್ರ’ ಬರೆದ ಪಂಡಿತರು, ವ್ಯಾಸರಾಯರ ವಿದ್ಯಾಗುರುಗಳು. ಆದರೂ ಭಾಗವತದ ವೇಣುಗೀತೆ, ಭ್ರಮರಗೀತೆಗಳನ್ನು ಕನ್ನಡದಲ್ಲಿ ಹಾಡಾಗಿಸಿದರು. ಅವರ ವೃಂದಾವನ ಇರುವ ನರಸಿಂಹತೀರ್ಥಕ್ಕೆ ಕಾಯಿಲೆ ಕಸಾಲೆಯೆಂದು ಸೇವೆಗೆ ಬರುವವರು ಇಂದಿಗೂ ಇದ್ದಾರೆ.

ರೋಗಿಗೆಂದೇ ಹುಟ್ಟಿದ ಸುಳಾದಿಯೂ ಒಂದಿದೆ: ವಿಜಯದಾಸರ (1682–1755) ಧನ್ವಂತರಿ ಸುಳಾದಿ. ಮನೆಯಲ್ಲಿ ತೆಲುಗು ಬೆರೆಸಿ ಮಾತಾಡುತ್ತಿದ್ದ ನಮ್ಮಜ್ಜಿ, ಯಾರಿಗಾದರೂ ಜ್ವರ ಬಂದರೆ ಹಾಸಿಗೆ ಪಕ್ಕ ಕೂತು ಅದನ್ನು ಅಚ್ಚಗನ್ನಡದಲ್ಲಿ ಹೇಳುತ್ತಿದ್ದಳು. ನಾವೂ ದನಿಗೂಡಿಸಲೇಬೇಕು. ಮಲಗಿದವರೂ ತುಟಿ ಅಲ್ಲಾಡಿಸಬೇಕು. ಅದರಲ್ಲಿ ಅಜ್ಜಿ ರಿಯಾಯಿತಿ ತೋರುತ್ತಿರಲಿಲ್ಲ. ಕಷಾಯ ಕುಡಿಸಿ, ಡಾಕ್ಟರ ಮಾತ್ರೆ ನುಂಗಿಸಿದ ಮೇಲೆಯೇ ಸುಳಾದಿ.

ಆ ಕ್ರಮವೇ ಸರಿ. ಹಾಡಿದ್ದೀವಲ್ಲ, ಮಾತ್ರೆ ಯಾಕೆ ಎನ್ನುವವರನ್ನು ನಾನು ಒಪ್ಪಲಾರೆ. ಹಾಗೆಂದು ಹಾಡಿನಿಂದ ದೇಹಕ್ಕೆ ಏನೂ ಆಗುವುದಿಲ್ಲ ಎಂದರೂ ತಪ್ಪೇ. ಇಟಲಿಯ ಪಾವಿಯಾದ ವೈದ್ಯ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಆರೋಗ್ಯವಂತರಾದ 23 ಮಂದಿಯಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಒಂದು ಸಂಸ್ಕೃತ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು.

ತ್ರಿಪುಟ ಹಾಕಿ ನೋಡಿ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು. ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಮೂರು, ಎರಡು, ಎರಡು: ಏಳು. ವಿಳಂಬದಲ್ಲಿ ಹಾಡಿದರೆ ಸಿಕ್ಕಸಿಕ್ಕಲ್ಲಿ ಉಸಿರು ತೆಗೆದುಕೊಳ್ಳಲಾಗದು, ಪದ ಒಡೆಯುತ್ತದೆ. ಸಾಹಿತ್ಯವೇ ಉಸಿರನ್ನು ಉದ್ದ ಮಾಡುತ್ತದೆ. ಉಬ್ಬಸವಿದ್ದ ನನ್ನ ತಾಯಿ ಇನ್ಹೇಲರ್ ಪಕ್ಕದಲ್ಲೇ ಇಟ್ಟುಕೊಂಡು ಗುರುವಾರದ ಕೃತಿಯನ್ನು ಇಳಿಶ್ರುತಿಯಲ್ಲಿ ಹಾಡುತ್ತಿದ್ದಳು. ಮೊದಲ ಸಾಲಿಗೇ ಏದುಸಿರು ಬಿಡುತ್ತಿದ್ದವಳು ಬರಬರುತ್ತಾ ಪಲ್ಲವಿಯನ್ನು ನಿರಾಯಾಸವಾಗಿ ಮುಗಿಸುವಂತಾದಳು. ರೋಗ ಹೋಗಲಿಲ್ಲ. ರಾತ್ರಿ ಉಸಿರು ಕಟ್ಟಿದಾಗ ಮೊದಲಿನ ಹಾಗೆ ಗಾಬರಿಯಾಗುತ್ತಿರಲಿಲ್ಲ.

ಕಛೇರಿಗಳಲ್ಲಿ ಈಗ ಸುಳಾದಿ ಕೇಳಿಸುವುದೇ ಅಪರೂಪ. ಜ್ಯೇಷ್ಠ ಶುದ್ಧ ಚತುರ್ದಶಿಗೆ ಶ್ರೀಪಾದರಾಜರ ಆರಾಧನೆ ಬರುತ್ತದೆ. ಕೋಲಾರ ಸೀಮೆಯ ಸಂಗೀತ ಮೇಷ್ಟರೆಲ್ಲ ಆ ಹೊತ್ತಿಗೆ ಮಕ್ಕಳಿಗೆ ಒಂದಾದರೂ ಸುಳಾದಿಯನ್ನು, ತಾಳ ಬಿಡದೆ, ಜತೆಯವರೆಗೆ ಕಲಿಸಿರಬೇಕು.